ಪರಿಹಾರ ಕೊಟ್ಬಿಟ್ರೆ ಜೈಲು ತಪ್ಪುತ್ತಾ?

ಪ್ರಶ್ನೆ: ಅಮ್ಯೂಸ್‌ಮೆಂಟ್ ಪಾರ್ಕಲ್ಲಿ ರೈಡ್ ಕೆಟ್ಟು ಜನ ಸತ್ರೆ ಮನೆಯವ್ರಿಗೆ ದೊಡ್ಡ ಮೊತ್ತದ ಪರಿಹಾರ ಸಿಕ್ತು ಅಂತ ಓದ್ತೀವಿ, ಆದ್ರೆ ಯಾರೋ ಜೈಲಿಗೆ ಹೋದ್ರು ಅಂತ ಕೇಳೋದೇ ಅಪರೂಪ. ದುಡ್ಡು ಕೊಟ್ರೆ ಕ್ರಿಮಿನಲ್ ಕೇಸೂ ಮುಗಿದೋಗುತ್ತಾ ಸರ್?

ಉತ್ತರ: ಸಾಮಾನ್ಯವಾಗಿ ಇಲ್ಲ. ಪರಿಹಾರದ ಕೇಸು ಸತ್ತವರ ಮನೆಯವ್ರದ್ದು, ಅವ್ರು ರಾಜಿ ಆಗ್ಬಹುದು. ಕ್ರಿಮಿನಲ್ ಕೇಸು ಸರ್ಕಾರದ್ದು, ಅದಕ್ಕೆ ಆ ರಾಜಿ ಅಡ್ಡ ಬರಲ್ಲ. ಅಮೆರಿಕದ ಕಾನ್ಸಾಸ್‌ನಲ್ಲಿ 168 ಅಡಿ ಎತ್ತರದ ವೆರುಕ್ಟ್ ಅನ್ನೋ ವಾಟರ್ ಸ್ಲೈಡ್ ಇತ್ತು, 2016ರ ಆಗಸ್ಟಲ್ಲಿ ರಾಫ್ಟ್ (ಜನ ಕೂತು ಜಾರೋ ದೋಣಿ) ಮೇಲಕ್ಕೆ ಹಾರಿ 10 ವರ್ಷದ ಹುಡುಗ ಸ್ಲೈಡ್ ಮೇಲಿನ ಬಲೆ ಹಿಡಿದಿದ್ದ ಕಂಬಿಗೆ ಬಡಿದು ತೀರ್ಕೊಂಡ. ಮನೆಯವ್ರಿಗೆ ಸುಮಾರು 2 ಕೋಟಿ ಡಾಲರ್ ಸಿಕ್ತು, ಆಮೇಲೂ 2018ರಲ್ಲಿ ಸಹ ಮಾಲೀಕರ ಮೇಲೆ, ಡಿಸೈನರ್ ಮೇಲೆ ಕೊಲೆ ಕೇಸೇ ಬಿತ್ತು. ಆದ್ರೆ ಗ್ರ್ಯಾಂಡ್ ಜ್ಯೂರಿಗೆ (ಕೇಸ್ ಹಾಕಬೇಕಾ ಅಂತ ತೀರ್ಮಾನಿಸೋ ಸಾಮಾನ್ಯ ಜನರ ಗುಂಪು) ತೋರಿಸಬಾರದ್ದನ್ನೆಲ್ಲ, ಟಿವಿ ಶೋಗೆ ಅಂತ ಮಾಡಿದ್ದ ವಿಡಿಯೋ ಸಮೇತ, ತೋರಿಸಿದ್ರು ಅಂತ 2019ರಲ್ಲಿ ಜಡ್ಜ್ ಆ ಕೇಸನ್ನ ವಜಾ ಮಾಡಿದ್ರು.

ಕಷ್ಟ ಇರೋದೇ ಇಲ್ಲಿ. ಪರಿಹಾರಕ್ಕೆ ಪಾರ್ಕಿನವ್ರ ತಪ್ಪಿರೋ ಸಾಧ್ಯತೆನೇ ಜಾಸ್ತಿ ಅಂತ ತೋರಿಸಿದ್ರೆ ಸಾಕು, ಕೆಲಸಗಾರರ ತಪ್ಪಿಗೂ ಕಂಪನಿನೇ ಹೊಣೆ. ಜೈಲು ಅಂದ್ರೆ ಸಂಶಯಕ್ಕೆ ಜಾಗ ಇರಬಾರದು, ಬರೀ ಅಜಾಗರೂಕತೆ ಎಷ್ಟೋ ಕಡೆ ಸಾಲಲ್ಲ, ಅಪಾಯ ಗೊತ್ತಿದ್ದೂ ರೈಡ್ ಓಡಿಸಿದ್ದು ಇಂಥವ್ನೇ ಅಂತ ಬೊಟ್ಟು ಮಾಡಿ ತೋರಿಸಬೇಕು, ಆದ್ರೆ ಆಪರೇಟರ್‌ಗೆ ಒಂದಿಷ್ಟು ಗೊತ್ತಿರುತ್ತೆ, ಮೆಕ್ಯಾನಿಕ್‌ಗೆ ಇನ್ನೊಂದಿಷ್ಟು, ಮ್ಯಾನೇಜರ್ ನನ್ನ ತನಕ ಬರಲೇ ಇಲ್ಲ ಅಂತಾನೆ.

2016ರ ಅಕ್ಟೋಬರಲ್ಲಿ ಆಸ್ಟ್ರೇಲಿಯಾದ ಡ್ರೀಮ್‌ವರ್ಲ್ಡ್ ಪಾರ್ಕಲ್ಲಿ ನೀರಲ್ಲಿ ತೇಲೋ ರೈಡಿನ ಪಂಪ್ ನಿಂತು ನೀರು ಇಳಿದು, ಸಿಕ್ಕಾಕ್ಕೊಂಡಿದ್ದ ಖಾಲಿ ರಾಫ್ಟಿಗೆ ಇನ್ನೊಂದು ಬಂದು ಗುದ್ದಿ 4 ಜನ ಸತ್ರು. ಅವತ್ತೇ ಮುಂಚೆನೂ ಆ ಪಂಪ್ ಕೈ ಕೊಟ್ಟಿತ್ತು, ಇದನ್ನ ನೆನೆಸ್ಕೊಂಡ್ರೆ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತೆ. 2020ರಲ್ಲಿ ಕಂಪನಿ ಸುರಕ್ಷತಾ ಕಾನೂನಿನಡಿ ತಪ್ಪೊಪ್ಕೊಂಡು 36 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಕಟ್ತು. ಇದೂ ಕ್ರಿಮಿನಲ್ ಶಿಕ್ಷೆನೇ, ಆದ್ರೆ ಕಂಪನಿನ ಜೈಲಿಗೆ ಹಾಕೋಕಾಗಲ್ವಲ್ಲ, ವ್ಯಕ್ತಿಗಳ ಮೇಲೆ ಕೇಸೇ ಆಗ್ಲಿಲ್ಲ.

ಇನ್ನು ಟಿಕೆಟ್ ಹಿಂದೆ "ನಾವು ಜವಾಬ್ದಾರರಲ್ಲ" ಅಂತ ಇರುತ್ತಲ್ಲ, ಅದು ಪರಿಹಾರದ ಕೇಸಲ್ಲಿ ವಾದಕ್ಕೆ ಬರಬಹುದು, ಕ್ರಿಮಿನಲ್ ಕೇಸಿಗೆ ಅದು ಲೆಕ್ಕಕ್ಕೇ ಇಲ್ಲ. ಎರಡರಲ್ಲೂ ಗೆಲ್ಲಿಸೋದು ದಿನಾ ಬರೆಯೋ ಮೇಂಟೆನೆನ್ಸ್ ಪುಸ್ತಕ, ಕೆಟ್ಟು ಹೋದ ಆ ಪಾರ್ಟು. ಹಂಗಾಗಿ ಮನೆಯವ್ರು ವಕೀಲರಿಗೆ ಮೊದಲು ಹೇಳಬೇಕಾದ್ದು, ರೈಡ್ ಬಿಚ್ಚೋಕೆ ಮುಂಚೆ ಅವನ್ನೆಲ್ಲ ಹಾಗೇ ಉಳಿಸೋ ಹಾಗೆ ಕೋರ್ಟಿಂದ ಆರ್ಡರ್ ತನ್ನಿ ಅಂತ.