ಗೌಡ್ರಿಗೆ ಮಲಗಬೇಕಿತ್ತು

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, ಅರವತ್ತರ ಆಸುಪಾಸು. ಗೌಡ್ರು ಅಂತ ಕರೆಯೋಣ. ಶ್ವಾಸಕೋಶದ ಕ್ಯಾನ್ಸರ್ ಬೆನ್ನುಮೂಳೆಗೂ ಹರಡಿತ್ತು. ಎರಡನೇ ಕೀಮೋ ಮುಗಿದಾಗ ಡಾಕ್ಟರು ನೋವು, ಸಂಕಟ ಕಡಿಮೆ ಮಾಡುವ ಪ್ಯಾಲಿಯೇಟಿವ್ ಕೇರ್‌ಗೂ ಚೀಟಿ ಬರೆದರು. ಮಗ ಶಿವಮೊಗ್ಗದಲ್ಲಿ, ಆ ಆರೈಕೆಯ ಕೆಲಸದಲ್ಲಿರುವ ನನ್ನೆದುರು ಕೂತವನೇ ಕೇಳಿದ: "ಮೇಡಂ, ಕೈಬಿಟ್ರಾ?" ಜೊತೆಗೆ, "ಅಪ್ಪಂಗೆ ಏನೂ ಹೇಳಬೇಡಿ."

ಗೌಡ್ರ ಜೊತೆ ಬೇರೆಯಾಗಿ ಮಾತಾಡಿದೆ. ಕಾಯಿಲೆ ಹೆಸರು ಎತ್ತಲಿಲ್ಲ. ಈಗ ಜಾಸ್ತಿ ಕಾಡ್ತಿರೋದು ಏನು ಅಂತ ಕೇಳಿದೆ ಅಷ್ಟೇ.

"ಮಲಗಬೇಕು ಕಣಮ್ಮ. ನೆಟ್ಟಗೆ ಮಲಗಬೇಕು."

ಬೆನ್ನು ನೆಲಕ್ಕೆ ತಾಗಿದರೆ ನೋವು. ಮೂರು ವಾರದಿಂದ ಜಗಲಿಯಲ್ಲಿ ಸಿಪ್ಪೆಗೋಟು ಅಡಿಕೆಯ ಚೀಲಕ್ಕೆ ಒರಗಿಕೊಂಡೇ ರಾತ್ರಿ ಕಳೆಯುತ್ತಿದ್ದರು. ಆಮೇಲೆ ದನಿ ಇಳಿಸಿ, "ವಾಸಿ ಆಗೋದಲ್ಲ ಅಂತ ಗೊತ್ತು. ಮಗ ಹೆದರ್ತಾನೆ ಅಂತ ಸುಮ್ನಿದೀನಿ. ತೋಟದ ಖಾತೆ ಒಂದು ಮಾಡಿಸಬೇಕು" ಎಂದರು.

ಅವರನ್ನು ಕೇಳಿಕೊಂಡೇ ಮಗನನ್ನು ಒಳಗೆ ಕರೆದೆ. ನಾನು ಬಾಯಿ ಬಿಡಲಿಲ್ಲ, ಗೌಡ್ರೇ ಖಾತೆ ಮಾತಿನಿಂದ ಶುರು ಮಾಡಿದರು. ಮಗ ತುಂಬಾ ಹೊತ್ತು ಬಾಗಿಲ ಕಡೆ ನೋಡುತ್ತಾ ಕೂತ.

ಕೀಮೋ ನಿಲ್ಲುವುದಿಲ್ಲ, ಇದು ಅದರ ಜೊತೆಗೇ ನಡೆಯುವ ಆರೈಕೆ ಎಂದು ಹೇಳಿದೆ. 2010ರಲ್ಲಿ ಬಾಸ್ಟನ್ನಿನಲ್ಲಿ ಇಂಥದೇ ಹರಡಿದ ಶ್ವಾಸಕೋಶದ ಕ್ಯಾನ್ಸರಿನ 151 ಜನರ ಅಧ್ಯಯನ ಪ್ರಕಟವಾಯಿತು. ಮೊದಲಿನಿಂದಲೇ ಈ ಆರೈಕೆ ಸಿಕ್ಕವರಲ್ಲಿ ಖಿನ್ನತೆ ಕಡಿಮೆ ಇತ್ತು. ಆಯಸ್ಸಿನ ಮಧ್ಯಾಂಕವೂ (ಅರ್ಧ ಜನ ಇದಕ್ಕಿಂತ ಹೆಚ್ಚು ಬದುಕಿದ ಅವಧಿ) 11.6 ತಿಂಗಳು, ಉಳಿದವರದು 8.9. ಅಪ್ಪನಿಗೂ ಇಷ್ಟೇ ತಿಂಗಳು ಅಂತ ಲೆಕ್ಕ ಹಾಕಬೇಡಿ ಎಂದೂ ಮಗನಿಗೆ ಹೇಳಬೇಕಾಯಿತು. ಅಂಕಿ ಕೇಳಿದ ಕೂಡಲೇ ಕ್ಯಾಲೆಂಡರ್ ನೋಡುವವರೇ ಜಾಸ್ತಿ.

ಮಾರ್ಫಿನ್ ಅಂದರೆ ಚಟ ಹತ್ತುತ್ತೆ ಎನ್ನುವ ಭಯವೂ ಇತ್ತು. ನೋವಿಗೆಂದು ಡಾಕ್ಟರು ಅಳೆದು ಕೊಡುವಾಗ ಹಾಗಾಗುವುದು ಕಮ್ಮಿ. ನೋವು ಬರಲಿ ಅಂತ ಕಾಯದೆ, ಗಡಿಯಾರ ನೋಡಿ ಕೊಡಿ ಎಂದೆ. ಮಲಬದ್ಧತೆಯ ಔಷಧಿ ಜೊತೆಗೇ ಬೇಕು ಅನ್ನೋದನ್ನು ಮಾತ್ರ ಅವರು ಏಳುವಾಗ ಹೇಳಿದೆ. ತಪ್ಪು ನನ್ನದೇ. ಐದನೇ ದಿನ ಫೋನ್: ಹೊಟ್ಟೆ ಕಟ್ಟಿದೆ, ಊಟ ಸೇರ್ತಿಲ್ಲ. ಮಾತ್ರೆ ಜಾಸ್ತಿ ಆಯ್ತು ಅಂತ ಮಗ ಮಲಬದ್ಧತೆಯ ಔಷಧಿಯನ್ನೇ ಬಿಟ್ಟಿದ್ದ. ಡಾಕ್ಟರಿಗೆ ಹೇಳಿ ಸರಿಪಡಿಸಿದೆವು. ಈಗ ಚೀಟಿಯಲ್ಲಿ ಮೊದಲು ಬರೆಯೋದು ಅದನ್ನೇ.

ಮೂರನೇ ಕೀಮೋಗೆ ಬಂದಾಗ ಗೌಡ್ರನ್ನು ಕೇಳಿದೆ, ಒರಗೋ ಚೀಲ ಹೇಗಿದೆ ಅಂತ.

"ಮಂಡಿಗೆ ಹಾಕಿದ್ವಿ. ರೇಟು ಪರ್ವಾಗಿಲ್ಲ."