ಡೋರ್ ಗೇಮ್ ಶುರುವಾಗುತ್ತೆ, ಆದರೆ ವಾಪಸ್ ಬರಲ್ಲ!

ಪ್ರಶ್ನೆ: ಹಳೆಯ ಡಾಸ್ ಕಂಪ್ಯೂಟರ್‌ಗೆ ಮೋಡೆಮ್ ಹಾಕಿ ಒಂದು ಬಿಬಿಎಸ್ (ಫೋನ್ ಲೈನ್ ಮೂಲಕ ಬೇರೆಯವರು ಕರೆ ಮಾಡಿ ಒಳಬರುವ ಬುಲೆಟಿನ್ ಬೋರ್ಡ್) ನಡೆಸುತ್ತಿದ್ದೇನೆ. ಮೆಸೇಜ್, ಫೈಲ್ ವಿಭಾಗ ಎಲ್ಲ ಸರಿ ಇವೆ. ಈಗ 'ಲೆಜೆಂಡ್ ಆಫ್ ದ ರೆಡ್ ಡ್ರ್ಯಾಗನ್' ಎಂಬ ಡೋರ್ ಗೇಮ್ ಸೇರಿಸಿದೆ. ನಾನೇ ಕೀಬೋರ್ಡ್ ಮುಂದೆ ಕೂತು ಆಡಿದರೆ ಏನೂ ತೊಂದರೆ ಇಲ್ಲ. ಫೋನ್‌ನಲ್ಲಿ ಬಂದವರಿಗೆ ಮಾತ್ರ ಪರದೆ ತುಂಬ ಅರ್ಥವಾಗದ ಚಿಹ್ನೆಗಳು. ಇನ್ನೊಂದು, ಆಟ ಮುಗಿಸಿದರೆ ಬಿಬಿಎಸ್ ವಾಪಸ್ ಬರದೆ ಕಂಪ್ಯೂಟರ್ ಡಾಸ್ ಪ್ರಾಂಪ್ಟ್‌ನಲ್ಲಿ ನಿಂತುಬಿಡುತ್ತದೆ. ಆಟದ ಫೈಲೇ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ. ನಿಮ್ಮ ಕೀಬೋರ್ಡ್‌ನಲ್ಲಿ ಓಡುತ್ತದೆ ಅಂದ ಮೇಲೆ ಆಟದ ಮೇಲೆ ಅನುಮಾನ ಬೇಡ. ಡೋರ್ ಗೇಮ್‌ಗಳ ತಕರಾರು ಹೆಚ್ಚಾಗಿ ಬಿಬಿಎಸ್ ಮತ್ತು ಆಟದ ನಡುವಿನ ಕೈಬದಲಿನಲ್ಲೇ ಇರುತ್ತದೆ.

ಡೋರ್ ಎಂದರೆ ಬಿಬಿಎಸ್ ಹೊರಗಿನ ಒಂದು ಬೇರೆ ಪ್ರೋಗ್ರಾಂ. ಅದಕ್ಕೆ ಲೈನ್‌ನಲ್ಲಿ ಯಾರಿದ್ದಾರೆ ಅನ್ನುವುದೇ ಗೊತ್ತಿರುವುದಿಲ್ಲ. ಅದಕ್ಕಾಗಿ ಬಿಬಿಎಸ್ ಹೊರಡುವ ಮೊದಲು ಒಂದು ಚೀಟಿ ಬರೆದಿಟ್ಟು ಹೋಗುತ್ತದೆ. ಇದೇ ಡ್ರಾಪ್ ಫೈಲ್. ಜಾಸ್ತಿ ಬಳಕೆಯಲ್ಲಿರುವುದು ಡೋರ್.ಸಿಸ್. ಡೋರ್‌ಇನ್‌ಫೋ1.ಡೆಫ್ ಇನ್ನೊಂದು. ಡಬ್ಲ್ಯೂಡಬ್ಲ್ಯೂಐವಿ ಎಂಬ ಬಿಬಿಎಸ್ ಪ್ರೋಗ್ರಾಂ ಬಳಸುವವರಿಗೆ ಚೈನ್.ಟಿಎಕ್ಸ್‌ಟಿ. ಬಿಬಿಎಸ್ ಒಂದು ಬಗೆಯದನ್ನು ಬರೆದು, ಆಟ ಇನ್ನೊಂದನ್ನು ಹುಡುಕುತ್ತಿದ್ದರೆ ಮುಂದೆ ಏನೂ ನಡೆಯುವುದಿಲ್ಲ.

ಯಾರಾದರೂ ಡೋರ್‌ಗೆ ಹೋಗಿ ಬಂದ ಮೇಲೆ ಆ ಫೈಲನ್ನು ಸುಮ್ನೆ ಎಡಿಟರ್‌ನಲ್ಲಿ ತೆರೆದು ನೋಡಿ. ಒಂದು ಸಾಲಿಗೆ ಒಂದೇ ವಿಷಯ. ಡೋರ್.ಸಿಸ್‌ನಲ್ಲಿ ಮೊದಲ ಸಾಲು ಪೋರ್ಟ್, ಅಂದರೆ ಮೋಡೆಮ್ ಸೇರಿರುವ ಕಿಂಡಿ. ಅಲ್ಲಿ ಕಾಮ್0 ಅಂತ ಇದ್ದರೆ, ಆಡುವವರು ಕಂಪ್ಯೂಟರ್ ಮುಂದೆಯೇ ಇದ್ದಾರೆ ಎಂದು ಅರ್ಥ. 2ನೇ ಸಾಲು ಮೋಡೆಮ್ ಸಂಪರ್ಕದ ವೇಗ. 5ನೇ ಸಾಲು ಕಂಪ್ಯೂಟರ್ ಮತ್ತು ಮೋಡೆಮ್ ನಡುವಿನ ವೇಗ. 10ನೆಯದು ಬಳಕೆದಾರರ ಹೆಸರು, 19ನೆಯದು ಉಳಿದಿರುವ ನಿಮಿಷಗಳು.

ನಿಮ್ಮ ತೊಂದರೆ ಬಹುಶಃ 2 ಮತ್ತು 5ನೇ ಸಾಲುಗಳ ಜಗಳ. ಕರೆ ಸೆಕೆಂಡಿಗೆ 14400 ಬಿಟ್ ವೇಗದಲ್ಲಿ ಬಂದಿರಬಹುದು, ಆದರೆ ನೀವು ಪೋರ್ಟನ್ನು 38400ಕ್ಕೆ ಲಾಕ್ ಮಾಡಿರುತ್ತೀರಿ. ಆಟ ಸಂಪರ್ಕದ ವೇಗವನ್ನಷ್ಟೇ ಓದಿ ಪೋರ್ಟನ್ನು 14400ಕ್ಕೆ ಇಳಿಸುತ್ತದೆ. ಮೋಡೆಮ್ ಇನ್ನೂ 38400ರಲ್ಲೇ ಮಾತಾಡುತ್ತಿದೆ. ಅಲ್ಲಿಗೆ ಪರದೆ ಕುಲಗೆಟ್ಟಿತು. ಇದಕ್ಕೆ ಮದ್ದು ಫಾಸಿಲ್ ಡ್ರೈವರ್, ಅಂದರೆ ಆಟ ಮತ್ತು ಪೋರ್ಟ್ ನಡುವೆ ಕೂರುವ ಒಂದು ಸಣ್ಣ ಪ್ರೋಗ್ರಾಂ. ಎಕ್ಸ್00 ಅಥವಾ ಬಿಎನ್‌ಯು, ಯಾವುದಾದರೂ ಆದೀತು. ವೇಗವನ್ನು ಅದರಲ್ಲೇ ಲಾಕ್ ಮಾಡಿ. ಆಮೇಲೆ ಆಟದ ಸೆಟಪ್‌ಗೆ ಹೋಗಿ (ನಿಮ್ಮ ಆಟಕ್ಕೆ ಅದು ಲಾರ್ಡ್‌ಸಿಎಫ್‌ಜಿ) ಫಾಸಿಲ್ ಆಯ್ಕೆ ಇದ್ದರೆ ಹಾಕಿ. ಆಗ ಆಟ ವೇಗ ಬದಲಿಸಲು ಹೊರಟರೂ ಡ್ರೈವರ್ ಕೇಳುವುದಿಲ್ಲ. ಒಂದು ಎಚ್ಚರ: ಫಾಸಿಲ್ ಎಣಿಕೆ ಸೊನ್ನೆಯಿಂದ ಶುರು. ಕಾಮ್1 ಅಲ್ಲಿ ಪೋರ್ಟ್ 0.

ಆದರೆ ಮೊದಲು, ಕಾಣುವ ಕಸ ಎಂಥದ್ದು ಅಂತ ಬಂದವರನ್ನೇ ಕೇಳಿ. ಚೌಕ ಆವರಣ, ಅಂಕಿ, ಅರ್ಧವಿರಾಮ ಸೇರಿದ ತುಂಡುಗಳ ನಡುವೆ ಓದಬಲ್ಲ ಪದಗಳೂ ಇದ್ದರೆ ಅದು ವೇಗದ ತಪ್ಪಲ್ಲ. ಅವರ ಟರ್ಮಿನಲ್‌ನಲ್ಲಿ ಆನ್ಸಿ (ಪರದೆಗೆ ಬಣ್ಣ ಕೊಡುವ ಸಂಕೇತಗಳನ್ನು ಓದುವ ಸೌಲಭ್ಯ) ಆನ್ ಆಗಿಲ್ಲ, ಅಷ್ಟೇ. ಒಂದು ಪದವೂ ಓದಲು ಬರದಿದ್ದರೆ ಮಾತ್ರ ವೇಗದ ಕಡೆ ನೋಡಿ.

ಇನ್ನು ಡಾಸ್ ಪ್ರಾಂಪ್ಟ್ ವಿಷಯ. ನಿಮ್ಮ ಬಿಬಿಎಸ್ ಎರರ್‌ಲೆವೆಲ್ (ಯಾವ ಆಟ ಬೇಕೆಂದು ತಿಳಿಸುವ ಒಂದು ಸಂಖ್ಯೆ) ಕೊಟ್ಟು ಹೊರಗೆ ಬಂದು ಬ್ಯಾಚ್ ಫೈಲ್ (ಡಾಸ್ ಆಜ್ಞೆಗಳ ಪಟ್ಟಿ) ಮೂಲಕ ಆಟ ನಡೆಸುತ್ತಿರಬೇಕು. ಒಂದು ಬ್ಯಾಚ್ ಫೈಲ್ ಒಳಗಿಂದ ಇನ್ನೊಂದು ಬ್ಯಾಚ್ ಫೈಲನ್ನು ಬರೀ ಹೆಸರಿನಿಂದ ಕರೆದರೆ ಡಾಸ್ ಮೊದಲನೆಯದನ್ನು ಮರೆತೇಬಿಡುತ್ತದೆ. ಆ ಹೆಸರಿಗೆ ಮೊದಲು 'ಕಾಲ್' ಎಂಬ ಪದ ಹಾಕಿ, ವಾಪಸ್ ಬರುತ್ತದೆ. ಹಾಗೆಯೇ 'ಇಫ್ ಎರರ್‌ಲೆವೆಲ್ 5' ಎಂದರೆ 5 ಅಥವಾ ಅದಕ್ಕಿಂತ ಜಾಸ್ತಿ ಎಂದರ್ಥ. ಆದ್ದರಿಂದ ದೊಡ್ಡ ಸಂಖ್ಯೆ ಮೇಲೆ, ಸಣ್ಣದು ಕೆಳಗೆ ಬರಬೇಕು. ತಿರುಗಾಮುರುಗಾ ಬರೆದರೆ ಯಾವ ಆಟ ಆರಿಸಿದರೂ ಒಂದೇ ಆಟ ತೆರೆಯುತ್ತದೆ. ಹೊಸ ಸಿಸಾಪ್‌ಗಳಿಗೆ (ಬಿಬಿಎಸ್ ನಡೆಸುವವರಿಗೆ) ಇದು ತಲೆ ಕೆಡಿಸುವ ಕಾಯಿಲೆ.

ಪ್ರಶ್ನೆ: ಆಟದ ಮಧ್ಯೆ ಯಾರಾದರೂ ಫೋನ್ ಇಟ್ಟರೆ ಆಟ ನಿಲ್ಲುವುದೇ ಇಲ್ಲ. ಬೆಳಗಿನವರೆಗೂ ಲೈನ್ ಬಿಜಿ.

ಉತ್ತರ: ಮೋಡೆಮ್ ಇನಿಷಿಯಲೈಸ್ ಸಾಲು (ಶುರುವಿನಲ್ಲಿ ಮೋಡೆಮ್‌ಗೆ ಕಳಿಸುವ ಆಜ್ಞೆಗಳು) ನೋಡಿ. ಅದರಲ್ಲಿ &ಸಿ0 ಇದ್ದರೆ ಕರೆ ಕಡಿದರೂ ಕ್ಯಾರಿಯರ್ (ಆಚೆಯ ಮೋಡೆಮ್‌ನ ಸಂಕೇತ) ಇದೆ ಎಂದೇ ಮೋಡೆಮ್ ಹೇಳುತ್ತಿರುತ್ತದೆ. ಪಾಪ, ಆಟ ಯಾರೂ ಇಲ್ಲದ ಲೈನಿಗೆ ಮೆನು ತೋರಿಸುತ್ತಾ ಕೂತಿರುತ್ತದೆ. ಎಟಿ&ಸಿ1&ಡಿ2 ಕೊಟ್ಟು, &ಡಬ್ಲ್ಯೂ ಹಾಕಿ ಸೇವ್ ಮಾಡಿ. ಕ್ಯಾರಿಯರ್ ಬಿದ್ದದ್ದನ್ನು ಗಮನಿಸದ ಆಟಗಳೂ ಇವೆ. ಅವಕ್ಕೆ ಫಾಸಿಲ್‌ನ ವಾಚ್‌ಡಾಗ್ ಆನ್ ಮಾಡಿ. ಕರೆ ಕಡಿದ ಕೂಡಲೇ ಕಂಪ್ಯೂಟರ್ ರೀಬೂಟ್ ಆಗುತ್ತದೆ. ಒರಟು ಉಪಾಯ, ಹೌದು. ಆಟ ಡಿಸ್ಕ್‌ಗೆ ಬರೆಯುತ್ತಿದ್ದಾಗಲೇ ರೀಬೂಟ್ ಆದರೆ ಡೇಟಾ ಕೆಡಬಹುದು. ಬೇರೆ ದಾರಿ ಇಲ್ಲದ ಆಟಗಳಿಗೆ ಮಾತ್ರ ಇಟ್ಟುಕೊಳ್ಳಿ.

ಪ್ರಶ್ನೆ: ಹಳೆಯ 386 ಪ್ರೊಸೆಸರ್‌ನಲ್ಲಿ ಓಡುತ್ತಿದ್ದ ಆಟ ಪೆಂಟಿಯಂ 2ರಲ್ಲಿ 'ರನ್‌ಟೈಮ್ ಎರರ್ 200' ಎಂದು ನಿಲ್ಲುತ್ತದೆ. ಯಾಕೆ?

ಉತ್ತರ: ಅದು ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಆಟ. ಶುರುವಿನಲ್ಲೇ ಪ್ರೊಸೆಸರ್ ವೇಗ ಅಳೆಯಲು ಅದು ಒಂದು ಲೂಪ್ ಸುತ್ತಿಸಿ, ಬಂದ ಎಣಿಕೆಯನ್ನು 55ರಿಂದ ಭಾಗಿಸುತ್ತದೆ. ನಿಮ್ಮ ಪ್ರೊಸೆಸರ್ ಎಷ್ಟು ಬೇಗ ಸುತ್ತುತ್ತದೆಂದರೆ ಉತ್ತರ 65535 ದಾಟುತ್ತದೆ, 16 ಬಿಟ್‌ನಲ್ಲಿ ಹಿಡಿಯುವುದಿಲ್ಲ. ಇದಕ್ಕೆಂದೇ ಟಿಪಿಪ್ಯಾಚ್‌ನಂಥ ಪ್ಯಾಚ್‌ಗಳಿವೆ. ಆಟದ ಇಎಕ್ಸ್‌ಇ ಕುಗ್ಗಿಸಿದ್ದಾಗಿದ್ದರೆ ಮೊದಲು ಬಿಚ್ಚಿಕೊಳ್ಳಿ, ಇಲ್ಲದಿದ್ದರೆ ಪ್ಯಾಚ್ ಹತ್ತುವುದಿಲ್ಲ. ಮೂಲ ಫೈಲಿನ ಒಂದು ಕಾಪಿ ಪಕ್ಕಕ್ಕೆ ಇಟ್ಟುಕೊಂಡೇ ಕೈ ಹಾಕಿ.