ಹೋತಮರಿಗೆ ಬೀಜ ಒಡೆಸುವಾಗ ನೋವಿಗೆ ಏನು ಕೊಡಬೇಕು?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮದು ಪಾವಗಡದ ಕಡೆ ಒಂದು ಹಳ್ಳಿ. ಹೋತಮರಿಗಳಿಗೆ ಮೂರು ತಿಂಗಳಾದ ಮೇಲೆ ಬೀಜ ಒಡೆಸುತ್ತೇವೆ. ಪಕ್ಕದ ಊರಿನವರೊಬ್ಬರು ಇಕ್ಕಳ ತಂದು ಒತ್ತಿ ಹೋಗುತ್ತಾರೆ. ಮರಿಗಳು ಕಿರುಚುವುದನ್ನು ಕೇಳೋಕಾಗಲ್ಲ. ಆಮೇಲೆ ಎರಡು ಮೂರು ದಿನ ಕಾಲು ಅಗಲಿಸಿಕೊಂಡು ನಡೆಯುತ್ತವೆ, ಸರಿಯಾಗಿ ಮೇಯಲ್ಲ, ಚೀಲ ಊದಿಕೊಂಡಿರುತ್ತೆ. ಅದೆಲ್ಲ ಮಾಮೂಲು, ತಾನಾಗೇ ಹೋಗುತ್ತೆ ಅಂತಾರೆ ನಮ್ಮಪ್ಪ. ನೋವು ಕಡಿಮೆ ಮಾಡೋಕೆ ಏನಾದರೂ ಇದೆಯಾ? ಮೆಡಿಕಲ್ ಸ್ಟೋರಿನಿಂದ ನಾವು ನುಂಗುವ ನೋವಿನ ಮಾತ್ರೆಯನ್ನೇ ತಂದು ಕೊಡಬಹುದಾ?

ಉತ್ತರ: ಇದೆ, ತುಂಬಾ ಚೆನ್ನಾಗಿರುವುದೇ ಇದೆ, ಖರ್ಚೂ ಕಡಿಮೆ. ಆದರೂ ನಮ್ಮಲ್ಲಿ ಬಹಳಷ್ಟು ಮರಿಗಳಿಗೆ ಯಾವುದನ್ನೂ ಕೊಡದೆಯೇ ಬೀಜ ಒಡೆಯುತ್ತಾರೆ, ಅದು ನನಗೆ ಸಂಕಟದ ವಿಷಯ.

ಮೊದಲು ಒಂದು ಮಾತು. ಎಲ್ಲ ಹೋತಮರಿಗೂ ಬೀಜ ಒಡೆಸಲೇಬೇಕು ಅಂತೇನಿಲ್ಲ. ಹೋತಗಳು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳಿಗೆ ಬೆದೆಗೆ ಬರುವ ಹೆಣ್ಣುಗಳ ಹಿಂದೆ ಬೀಳುತ್ತವೆ. ಅಷ್ಟರೊಳಗೆ ಮಾರುವ ಮರಿಯಾದರೆ, ಅಥವಾ ಬೇರೆ ಕಟ್ಟಿ ಸಾಕುವ ಅನುಕೂಲ ಇದ್ದರೆ, ಸುಮ್ನೆ ಬಿಟ್ಟುಬಿಡಿ. ವರ್ಷದವರೆಗೆ ಮಂದೆಯಲ್ಲೇ ಇಟ್ಟುಕೊಳ್ಳುವ ಮರಿಗೆ ಮಾತ್ರ ಮಾಡಿಸಿ.

ಇನ್ನು ನೋವಿನ ವಿಷಯ. ಇಲ್ಲಿ ನೋವು ಎರಡು ಸಲ ಬರುತ್ತದೆ, ಎರಡಕ್ಕೂ ಔಷಧಿ ಬೇರೆ ಬೇರೆ. ಇಕ್ಕಳ ಒತ್ತಿದ ಕ್ಷಣದಲ್ಲಿ ನರ ಜಜ್ಜಿ ಬರುವ ನೋವು ಮೊದಲನೆಯದು, ಮರಿ ಕಿರುಚುವುದು ಅದಕ್ಕೆ. ಕೆಲವು ಗಂಟೆ ಕಳೆದ ಮೇಲೆ ಜಜ್ಜಿದ ಜಾಗಕ್ಕೆ ರಕ್ತ, ನೀರು ಸೇರಿಕೊಂಡು ಬಾವು ಬರುತ್ತದೆ, ಮುಟ್ಟಿದರೆ ಬಿಸಿ ಬಿಸಿ ಇರುತ್ತದೆ, ಮರಿ ಕಾಲು ಅಗಲಿಸಿ ನಡೆಯುವುದು ಈ ಎರಡನೆಯ ನೋವಿಗೆ. ಒಂದಕ್ಕೆ ಮಾತ್ರ ಔಷಧಿ ಕೊಟ್ಟರೆ ಅರ್ಧ ಕೆಲಸ ಮಾಡಿದ ಹಾಗೆ.

ಮೊದಲ ನೋವಿಗೆ ಲಿಗ್ನೋಕೇನ್. ಹಲ್ಲು ಕೀಳುವಾಗ ದಂತವೈದ್ಯರು ಕೊಡುತ್ತಾರಲ್ಲ, ಅದೇ ಮರಗಟ್ಟಿಸುವ ಇಂಜೆಕ್ಷನ್. ಬೀಜದ ಚೀಲದ ಕುತ್ತಿಗೆಯ ಹತ್ತಿರ, ಎರಡೂ ಕಡೆಯ ನರದ ಸುತ್ತ ಮತ್ತು ಚರ್ಮದ ಕೆಳಗೆ ಹಾಕುತ್ತಾರೆ. ಹಾಕಿ ಕನಿಷ್ಠ 5 ನಿಮಿಷ ಕಾಯಬೇಕು. ಅವಸರದಲ್ಲಿ ತಕ್ಷಣ ಇಕ್ಕಳ ಒತ್ತಿದರೆ ಸೂಜಿ ಚುಚ್ಚಿದ್ದೂ ದಂಡ, ಹಾಗಾಗಿ ಚರ್ಮವನ್ನು ಸ್ವಲ್ಪ ಚಿವುಟಿ ನೋಡಿ, ಮರಿ ಒದ್ದಾಡದಿದ್ದರೆ ಮಾತ್ರ ಮುಂದಕ್ಕೆ ಹೋಗಬೇಕು. ಇದರ ಪರಿಣಾಮ ಸುಮಾರು ಒಂದರಿಂದ ಒಂದೂವರೆ ಗಂಟೆ ಇರುತ್ತದೆ. ಆದರೆ ಆಡಿನ ಮರಿಗಳಿಗೆ ಇದರ ಪ್ರಮಾಣ ಸ್ವಲ್ಪ ಜಾಸ್ತಿಯಾದರೂ ಫಿಟ್ಸ್ ಬರಬಹುದು, ಪ್ರಾಣವೂ ಹೋಗಬಹುದು. ಕೆಜಿ ತೂಕಕ್ಕೆ 5 ಮಿಲಿಗ್ರಾಂ ಮೀರದಂತೆ ಲೆಕ್ಕ ಹಾಕುತ್ತೇವೆ, ಅಂದರೆ 10 ಕೆಜಿಯ ಮರಿಗೆ ಶೇಕಡಾ 2ರ ಲಿಗ್ನೋಕೇನ್ ಎರಡೂ ಕಡೆ ಸೇರಿ ಎರಡೂವರೆ ಮಿಲಿಗಿಂತ ಹೆಚ್ಚಿಲ್ಲ. ಅದಕ್ಕೇ ಮರಿಯನ್ನು ತೂಗಿ, ವೈದ್ಯರ ಕೈಯಲ್ಲೇ ಹಾಕಿಸಿ ಅಂತ ಒತ್ತಿ ಹೇಳುತ್ತಿದ್ದೇನೆ.

ಎರಡನೆಯ ನೋವಿಗೆ ಮೆಲಾಕ್ಸಿಕ್ಯಾಮ್. ಇದು ಮರಗಟ್ಟಿಸುವುದಿಲ್ಲ. ಗಾಯವಾದ ಜಾಗದಲ್ಲಿ ಬಾವು ಮತ್ತು ನೋವನ್ನು ಹೆಚ್ಚಿಸುವ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ದೇಹ ತಯಾರಿಸದಂತೆ ತಡೆಯುತ್ತದೆ. ಇಂಜೆಕ್ಷನ್ ಆದರೆ ಕೆಜಿಗೆ 0.5 ಮಿಲಿಗ್ರಾಂ. ಹೆಚ್ಚಿನವರು ಇದನ್ನು ಎಲ್ಲ ಮುಗಿದ ಮೇಲೆ ಕೊಡುತ್ತಾರೆ, ಅಷ್ಟರಲ್ಲಿ ಆ ರಾಸಾಯನಿಕಗಳು ತಯಾರಾಗಲು ಶುರುವಾಗಿರುತ್ತವೆ. ಇಕ್ಕಳ ಒತ್ತುವುದಕ್ಕೆ ಅರ್ಧ ಗಂಟೆ ಮೊದಲೇ ಕೊಡಬೇಕು. ಹಾಗಾಗಿ ವೈದ್ಯರು ಬಂದ ಕೂಡಲೇ ಮೊದಲು ಎಲ್ಲ ಮರಿಗಳಿಗೂ ಮೆಲಾಕ್ಸಿಕ್ಯಾಮ್, ಆಮೇಲೆ ಒಂದೊಂದಕ್ಕೆ ಲಿಗ್ನೋಕೇನ್, ಆಮೇಲೆ ಇಕ್ಕಳ. ಆಡುಗಳ ದೇಹದಿಂದ ಈ ಔಷಧಿ ಬೇಗ ಹೊರಗೆ ಹೋಗುತ್ತದೆ, ಆದ್ದರಿಂದ ಮಾರನೆಯ ದಿನ ಇನ್ನೊಂದು ಡೋಸ್ ಬೇಕಾ ಅಂತ ಕೇಳಿಟ್ಟುಕೊಳ್ಳಿ. ಭೇದಿಯಾಗಿ ಸೊರಗಿರುವ, ನೀರು ಕುಡಿಯದ ಮರಿಗೆ ಕೊಟ್ಟರೆ ಮೂತ್ರಪಿಂಡಕ್ಕೆ ಪೆಟ್ಟು. ಅಂಥ ಮರಿಗೆ ಆವತ್ತು ಬೀಜ ಒಡೆಸುವುದೇ ಬೇಡ, ಚೇತರಿಸಿಕೊಳ್ಳಲಿ.

ನೀವು ಕೇಳಿದ ಮೆಡಿಕಲ್ ಸ್ಟೋರಿನ ಮಾತ್ರೆಗೆ ನನ್ನ ಉತ್ತರ, ದಯವಿಟ್ಟು ಬೇಡ. ಆ ಮಾತ್ರೆ ಡೈಕ್ಲೋಫೆನಾಕ್ ಆಗಿರುವ ಸಾಧ್ಯತೆ ಇದೆ. ಭಾರತದಲ್ಲಿ ಜಾನುವಾರುಗಳಿಗೆ ಅದನ್ನು 2006ರಲ್ಲೇ ನಿಷೇಧಿಸಲಾಗಿದೆ. ಆ ಔಷಧಿ ಪಡೆದು ಸತ್ತ ಪ್ರಾಣಿಯ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ, ಹೀಗೇ ದೇಶದ ಲಕ್ಷಾಂತರ ರಣಹದ್ದುಗಳು ಹೋದವು. 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್‌ಗೂ ಜಾನುವಾರುಗಳ ಬಳಕೆಯಲ್ಲಿ ನಿಷೇಧ ಬಂತು. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿಗಾಗಿಯೇ ಒಂದು ಧಾಮ ಇದೆ, ಉಳಿದಿರುವುದು ಬೆರಳೆಣಿಕೆಯಷ್ಟು. ಮೆಲಾಕ್ಸಿಕ್ಯಾಮ್ ಅವುಗಳಿಗೆ ತೊಂದರೆ ಕೊಡುವುದಿಲ್ಲ, ನಾನು ಅದನ್ನೇ ಹೇಳುವುದಕ್ಕೆ ಇದೂ ಒಂದು ಕಾರಣ.

ಬಾವು ಜಾಸ್ತಿಯಾಗುವುದು ಇಕ್ಕಳ ಹಾಕುವ ಕೈಯ ಮೇಲೂ ನಿಂತಿದೆ. ಎರಡು ನರಗಳನ್ನು ಬೇರೆ ಬೇರೆಯಾಗಿ ಒತ್ತಬೇಕು, ಎರಡೂ ಕಡೆಯ ಗುರುತು ಒಂದೇ ಗೆರೆಯಲ್ಲಿ ಬರಬಾರದು. ಇಡೀ ಚೀಲವನ್ನು ಅಡ್ಡಕ್ಕೆ ಒಂದೇ ಸಲ ಒತ್ತಿದರೆ ಚರ್ಮಕ್ಕೆ ಹೋಗುವ ರಕ್ತವೇ ನಿಂತು ಕೊಳೆಯುತ್ತದೆ. ಇನ್ನು ಕಲ್ಲು, ಕಟ್ಟಿಗೆಯಲ್ಲಿ ಜಜ್ಜುವುದನ್ನು ಯಾರೇ ಮಾಡಲಿ ನಿಲ್ಲಿಸಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಬೀಜ ಒಡೆಸಲು ವಿನಾಯಿತಿ ಕೊಡುವುದು ನಿಯಮದ ಪ್ರಕಾರ ಮಾಡಿದಾಗ ಮಾತ್ರ.

ನಿಮ್ಮಪ್ಪನಿಗೆ ಹೀಗೆ ಹೇಳಿ ನೋಡಿ. ಬಾವು ತಾನಾಗೇ ಇಳಿಯುತ್ತೆ ಅನ್ನುವುದು ನಿಜ, ಅಷ್ಟು ದಿನ ಮರಿ ಹಾಲು ಕುಡಿಯದೆ, ಮೇಯದೆ ತೂಕ ಕಳೆದುಕೊಳ್ಳುತ್ತೆ ಅನ್ನುವುದೂ ನಿಜ.

ಪ್ರಶ್ನೆ: ರಬ್ಬರ್ ರಿಂಗ್ ಹಾಕಿದರೆ ರಕ್ತವೂ ಬರಲ್ಲ, ನೋವೂ ಇಲ್ಲ ಅಂತ ಒಬ್ಬರು ಹೇಳಿದರು. ನಿಜವಾ? — ಅಥಣಿಯ ಓದುಗರು

ಉತ್ತರ: ರಕ್ತ ಬರಲ್ಲ, ಅದು ಸರಿ. ನೋವಿಲ್ಲ ಅನ್ನುವುದು ಸುಳ್ಳು. ರಿಂಗ್ ಹಾಕಿದ ಮೊದಲ ಒಂದೆರಡು ಗಂಟೆ ಮರಿ ಮಲಗುತ್ತೆ, ಏಳುತ್ತೆ, ನೆಲ ಒದೆಯುತ್ತೆ, ತಿರುಗಿ ತಿರುಗಿ ಹಿಂದಕ್ಕೆ ನೋಡಿಕೊಳ್ಳುತ್ತೆ. ಆಮೇಲೆ ಸುಮ್ಮನಾಗುತ್ತೆ, ಅದನ್ನು ನೋಡಿ ನಾವು ನೋವು ಹೋಯ್ತು ಅಂದುಕೊಳ್ಳುತ್ತೇವೆ. ರಿಂಗಿನ ಕೆಳಗಿನ ಭಾಗ ಒಣಗಿ ಬೀಳುವುದಕ್ಕೆ ಎರಡು ವಾರದಿಂದ ಒಂದು ತಿಂಗಳು ಬೇಕು, ಅಷ್ಟೂ ದಿನ ಮೇಲಿನ ಅಂಚಿನಲ್ಲಿ ಗಾಯ, ಬಾವು ಇದ್ದೇ ಇರುತ್ತದೆ. ಒಂದು ಡೋಸ್ ಮೆಲಾಕ್ಸಿಕ್ಯಾಮ್ ಅಷ್ಟು ದಿನಕ್ಕೆ ಸಾಲುತ್ತಾ? ಸಾಲಲ್ಲ. ಅದಕ್ಕೇ ಮೂರು ನಾಲ್ಕು ತಿಂಗಳ ಮರಿಗೆ ರಿಂಗ್ ಬೇಡವೇ ಬೇಡ ಅನ್ನುತ್ತೇನೆ. ತೀರಾ ಎಳೆಯ ಮರಿಗೆ ಹಾಕಿಸುವುದಾದರೂ ಲಿಗ್ನೋಕೇನ್ ಬೇಕೇ ಬೇಕು.

ರಿಂಗಿನ ಕೆಳಗೆ ಗಾಳಿಯಾಡದ ಸತ್ತ ಮಾಂಸ ಇರುವುದರಿಂದ ಧನುರ್ವಾಯುವಿನ ಭಯವೂ ಜಾಸ್ತಿ. ಅದಕ್ಕೆ ಲಸಿಕೆ ಇದೆ, ಮೊದಲೇ ಹಾಕಿಸಿ. ಕಾಲುಗಳು ಕಟ್ಟಿಗೆಯಂತೆ ಸೆಟೆದು, ಬಾಯಿ ತೆರೆಯಲಾಗದಂತಾದ ಮೇಲೆ ಉಳಿಸಿಕೊಳ್ಳುವುದು ಬಹಳ ಕಷ್ಟ.

ಪ್ರಶ್ನೆ: ಬೀಜ ಒಡೆಸಿದ ಮೇಲೆ ಅರಿಶಿನ, ಎಣ್ಣೆ ಹಚ್ಚಿದರೆ ಸಾಕಾ? ಡಾಕ್ಟರನ್ನು ಯಾವಾಗ ಕರೆಸಬೇಕು? — ಹಿರಿಯೂರಿನ ಓದುಗರು

ಉತ್ತರ: ಇಕ್ಕಳ ಹಾಕಿದಾಗ ಚರ್ಮ ಒಡೆದಿರುವುದಿಲ್ಲ, ಹಾಗಾಗಿ ಹಚ್ಚುವುದಕ್ಕೆ ಗಾಯವೇ ಇಲ್ಲ. ಹಚ್ಚಿದ ಅರಿಶಿನ ಒಳಗಿನ ಬಾವಿನವರೆಗೆ ಹೋಗುವುದೂ ಇಲ್ಲ. ಒಣಗಿದ ಜಾಗದಲ್ಲಿ ಕಟ್ಟಿ, ತಾಯಿಯ ಜೊತೆಗೇ ಬಿಡಿ, ಮೊದಲ ದಿನ ದೂರ ಮೇಯಿಸಲು ಹೊಡೆದುಕೊಂಡು ಹೋಗಬೇಡಿ.

ಬಾವು ಮೂರು ನಾಲ್ಕು ದಿನದ ನಂತರವೂ ಹೆಚ್ಚುತ್ತಲೇ ಇದ್ದರೆ, ವಾಸನೆ ಅಥವಾ ಕೀವು ಬಂದರೆ, ಚರ್ಮ ಕಪ್ಪಾಗಿ ತಣ್ಣಗಾದರೆ, ನೊಣ ಕೂತು ಹುಳ ಬಿದ್ದರೆ, ಮರಿ ಮೂತ್ರ ಮಾಡಲು ತಿಣುಕುತ್ತಿದ್ದರೆ ಅವತ್ತೇ ಕರೆಸಿ. ಹತ್ತಿರ ಆಸ್ಪತ್ರೆ ಇಲ್ಲದಿದ್ದರೆ ಪಶು ಸಂಜೀವಿನಿಯ 1962ಕ್ಕೆ ಫೋನ್ ಮಾಡಿ. ಕಿರುಚಿಲ್ಲ ಅಂದ ಮಾತ್ರಕ್ಕೆ ಮರಿ ಆರಾಮಾಗಿದೆ ಅಂದುಕೊಳ್ಳಬೇಡಿ, ಹಲ್ಲು ಕಡಿಯುತ್ತಾ ಮೂಲೆಯಲ್ಲಿ ಬೆನ್ನು ಬಾಗಿಸಿ ನಿಂತ ಮರಿಗೂ ಜೋರು ನೋವಿರುತ್ತದೆ. ಯಾವ ಔಷಧಿ, ಯಾವ ದಿನ ಕೊಟ್ಟಿರಿ ಅಂತ ಒಂದು ಕಡೆ ಬರೆದಿಡಿ, ಮಾಂಸಕ್ಕೆ ಮಾರುವ ಮುಂಚೆ ಎಷ್ಟು ದಿನ ಕಾಯಬೇಕು ಅಂತ ವೈದ್ಯರು ಅದನ್ನು ನೋಡಿಯೇ ಹೇಳುತ್ತಾರೆ.